ಬೇಡ ಎಂದರೆ ತೆಗೆದುಹಾಕುವುದು

ಬೇಕಾದ್ದನ್ನು ಬೇಕು ಎಂದು ಹೇಳಲು ನನಗೆ ಬರುವುದಿಲ್ಲ. ಇದು ನನ್ನೊಬ್ಬಳ ರೋಗವಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಕೂತು ಉಂಡವರಿಗೆಲ್ಲ ಅಷ್ಟಿಷ್ಟು ಇರುವಂಥದ್ದೇ. ಬಡಿಸುವವರು ಬಂದರೆ ಎಲೆಗೆ ಕೈ ಅಡ್ಡ ಹಿಡಿದು ‘ಬೇಡ, ಬೇಡ’ ಎನ್ನಬೇಕು. ಅವರು ‘ಸ್ವಲ್ಪ, ಸ್ವಲ್ಪ’ ಎನ್ನುತ್ತ ಹಾಕಬೇಕು. ಕದ್ವಾಡದ ನನ್ನ ಚಿಕ್ಕಮ್ಮನಂತೂ ಅಡ್ಡ ಹಿಡಿದ ಕೈಬೆರಳುಗಳ ನಡುವೆ ಒಂದು ಜಿಲೇಬಿ ಇಳಿಯುವಷ್ಟು ಜಾಗ ಬಿಟ್ಟೇ ಇರುತ್ತಿದ್ದಳು. ಒಂದು ಮದುವೆಯಲ್ಲಿ ಯಾರೋ ಹೊಸ ಅಳಿಯ ಅವಳ ಬೇಡವನ್ನು ನಂಬಿ ಮುಂದಿನ ಎಲೆಗೆ ಹೋಗಿಬಿಟ್ಟ. ಆ ಮನೆಯವರಿಗೆ ಬಡಿಸುವ ರೀತಿಯೇ ಗೊತ್ತಿಲ್ಲ ಎಂದು ಅವಳು ವರ್ಷಗಟ್ಟಲೆ ಆಡಿಕೊಂಡಳು.

ಇಂಥ ವಂಶದ ನನಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೈಪಿಡಿ ಬರೆಯುವ ಕೆಲಸ. ಕಾರವಾರದ ಕೋಡಿಬಾಗದ ಮಾಳಿಗೆ ಮನೆಯಲ್ಲಿ ಕಾಳಿ ನದಿಗೆ ಬೆನ್ನು ಹಾಕಿ ಒಬ್ಬಳೇ ಕೂತು ಬರೆಯುತ್ತೇನೆ. ಮುಖ ಮಾಡಿ ಕೂತರೆ ಕೆಲಸ ಸಾಗುವುದಿಲ್ಲ. ಈ ಸಲ ಬಂದದ್ದು, ಗ್ರಾಹಕರ ಜೊತೆ ಮಾತಾಡುವ ಎಐ ಏಜೆಂಟಿಗೆ ಹೋಟೆಲಿನ ಆರ್ಡರನ್ನು ತೆಗೆದುಹಾಕುವ ಅಧಿಕಾರ ಕೊಡುವ ಒಂದು ಸಾಧನ. ಯಾವಾಗ ತೆಗೆಯಬೇಕು, ಯಾವಾಗ ಕೂಡದು, ತೆಗೆದ ಮೇಲೆ ಏನು ಹೇಳಬೇಕು ಎಂದೆಲ್ಲ ನಾನು ಬರೆದರೆ ಏಜೆಂಟು ಅದನ್ನು ಓದಿ ಹಾಗೆಯೇ ನಡೆದುಕೊಳ್ಳುತ್ತದೆ. ಇಷ್ಟು ವರ್ಷ ನಾನು ಬರೆದದ್ದನ್ನು ಯಾರಾದರೂ ಪೂರ್ತಿ ಓದಿದ್ದಾರೆಂದರೆ ಅದು ಈ ಯಂತ್ರವೇ. ಹೆಮ್ಮೆಯಿಂದ ಬರೆದೆ: ‘ಗ್ರಾಹಕರು ಬೇಡ ಎಂದರೆ ಮರುಪ್ರಶ್ನೆ ಕೇಳಬಾರದು. ಆರ್ಡರನ್ನು ತೆಗೆದುಹಾಕಿ, ವಂದಿಸಬೇಕು.’ ಮ್ಯಾನೇಜರು ಮೆಚ್ಚಿಕೊಂಡರು.

ಪರೀಕ್ಷೆಗೆ ಒಂದು ಸಣ್ಣ ಹೋಟೆಲು ಬೇಕಿತ್ತು. ನಾನೇ ಮುಂದೆ ಬಿದ್ದು ಅಂಕೋಲೆಯ ಸುಮತಕ್ಕನ ಖಾನಾವಳಿಯ ಹೆಸರು ಕೊಟ್ಟೆ. ಹಿಂದೆ ಅಂಕೋಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ನನ್ನ ಊಟ ಅಲ್ಲಿಯೇ. ಕಾರವಾರಕ್ಕೆ ಬಂದ ಮೇಲೂ ಭಾನುವಾರ ಬೆಳಿಗ್ಗೆ ಅವಳ ಫೋನು ತಪ್ಪುತ್ತಿರಲಿಲ್ಲ.

“ಏನೇ, ಬತ್ತೆ ಅಲ್ಲಾ? ಬಂಗಡೆ ತಾಜಾ ಬಂದದೆ.”

“ಬೇಡ ಅಕ್ಕಾ, ಕೆಲ್ಸ ಅದೆ.”

“ಕೆಲ್ಸ ಎಲ್ಲಿಗೂ ಓಡಿ ಹೋಗೂದಿಲ್ಲ. ಸುಮ್ನೆ ಬಸ್ ಹತ್ತು.”

ಇಷ್ಟಾದ ಮೇಲೆಯೇ ನಾನು ಬಸ್ ಹತ್ತುವುದು. ನಿಜ ಹೇಳಬೇಕೆಂದರೆ ಆ ಫೋನಿಗೆ ಮೊದಲೇ ನನ್ನ ಸೀರೆ ಉಟ್ಟಾಗಿರುತ್ತಿತ್ತು. ವಾರವಿಡೀ ಕಂಪ್ಯೂಟರಿನ ಜೊತೆ ಮಾತ್ರ ಒಡನಾಟವಿರುವವಳಿಗೆ ಯಾರಾದರೂ ಗದರಿಸಿ ಕರೆಯುವುದು ಎಷ್ಟು ದೊಡ್ಡ ಸುಖ ಎಂಬುದನ್ನು ಮನೆ ತುಂಬ ಜನರಿರುವವರಿಗೆ ವಿವರಿಸುವುದು ಕಷ್ಟ.

ಊಟ ಹೇಳಿ ಬಾರದವರಿಂದ ಸುಮತಕ್ಕನಿಗೆ ಮೀನು ದಂಡವಾಗುತ್ತಿತ್ತು. ಏಜೆಂಟು ಬಂದ ಮೇಲೆ ಭಾನುವಾರದ ಫೋನುಗಳ ಬದಲು ಅದೇ ಎಲ್ಲರಿಗೂ ಸಂದೇಶ ಕಳಿಸತೊಡಗಿತು. ನನಗೂ ಬಂತು: ‘ಇಂದಿನ ನಿಮ್ಮ ಊಟ ಇರಲಿಯೇ?’ ಅಭ್ಯಾಸಬಲ ನೋಡಿ, ‘ಬೇಡ, ಕೆಲಸವಿದೆ’ ಎಂದು ಬೆರಳು ತಾನಾಗಿ ಒತ್ತಿತು. ಗದರಿಕೆಗಾಗಿ ಕಾಯುತ್ತ ಕೂತೆ. ‘ನಿಮ್ಮ ಆರ್ಡರನ್ನು ತೆಗೆದುಹಾಕಲಾಗಿದೆ. ಧನ್ಯವಾದಗಳು.’ ಆ ವಾಕ್ಯ ನನ್ನದೇ. ಅರ್ಧ ದಿನ ತಿದ್ದಿ ತೀಡಿದ್ದು. ಉಟ್ಟ ಸೀರೆಯಲ್ಲೇ ಕೂತು ಮೊಸರವಲಕ್ಕಿ ತಿಂದೆ.

ಮುಂದಿನ ವಾರವೂ ಬೇಡ ಎಂದೆ. ಆಗ ಅದು ಅಭ್ಯಾಸವಲ್ಲ, ಸಿಟ್ಟು. ಸುಮತಕ್ಕ ಎಷ್ಟು ದಿನ ಸುಮ್ಮನಿರುತ್ತಾಳೋ ನೋಡೋಣ ಎಂಬ ಹಟ. ಮರುವಾರ ಸಂದೇಶವೂ ಬರಲಿಲ್ಲ. ಪದೇ ಪದೇ ಬೇಡ ಎಂದವರಿಗೆ ತೊಂದರೆ ಕೊಡಬಾರದು ಎಂದು ಬರೆದವಳೂ ನಾನೇ ಎಂಬುದು ಆಮೇಲೆ ನೆನಪಾಯಿತು. ನಗಬೇಕಿತ್ತು. ಅಳು ಬಂತು. ಅವಳು ಮರೆತರೆ ನನಗೆ ಊಟಕ್ಕೆ ಕರೆಯುವವರು ಇನ್ನು ಯಾರೂ ಇಲ್ಲ ಎಂಬುದು ಆವತ್ತು ಲೆಕ್ಕಕ್ಕೆ ಬಂತು.

ಮಾನ ಬಿಟ್ಟು ಬಸ್ ಹತ್ತಿದೆ. ಹಾರವಾಡ ದಾಟುವವರೆಗೂ ಹಿಂದಿರುಗಿಬಿಡಲೇ ಎಂದು ಯೋಚಿಸಿದೆ. ಖಾನಾವಳಿಯ ಬಾಗಿಲಲ್ಲಿ ನನ್ನನ್ನು ಕಂಡವಳೇ ಸುಮತಕ್ಕ, “ಅಯ್ಯ, ಇದ್ಯಾ? ನಿಂಗೆ ಊಟ ಬೇಡ ಅಂತ ಫೋನಲ್ಲಿ ಬಂದಿತ್ತು. ಕಾರವಾರದಲ್ಲೇ ಚಲೋ ಖಾನಾವಳಿ ಸಿಕ್ತು ಅಂದ್ಕಂಡೆ” ಎಂದಳು. ಅವಳ ದನಿಯಲ್ಲಿ ಬೇಸರವಿತ್ತು. ಅದನ್ನು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಉಣ್ತ್ಯಾ?” ಎಂದು ತಟ್ಟೆ ಇಟ್ಟಳು.

“ಬೇಡ ಅಕ್ಕಾ, ಸುಮ್ನೆ ನೋಡ್ಕಂಡು ಹೋಗ್ವಾ ಅಂತ ಬಂದೆ.”

“ಹೌದಾ? ಸರಿ ಹಂಗಾರೆ.”

ತಟ್ಟೆ ಎತ್ತಿಕೊಂಡು ಒಳಗೆ ಹೊರಟೇಬಿಟ್ಟಳು! ಯಂತ್ರದ ಸಹವಾಸದಲ್ಲಿ ಅವಳೂ ಕೆಟ್ಟಳೋ, ಬೇಕೆಂದೇ ಮಾಡಿದಳೋ, ಇವತ್ತಿಗೂ ನನಗೆ ತಿಳಿಯದು.

“ಬೇಕು!” ಎಂದು ಕೂಗಿದೆ. ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು.

ತಟ್ಟೆ ಬಂತು, ಅನ್ನ ಬಂತು, ಬಂಗಡೆ ಬಂತು. ಎದುರಿಗೇ ನಿಂತು ಉಣ್ಣಿಸಿದಳು. “ಇನ್ನೊಂದು ಹಾಕ್ಲಾ?” ಎಂದು ಕೇಳಿದಾಗ ತಲೆಮಾರುಗಳ ‘ಬೇಡ’ ಗಂಟಲವರೆಗೆ ಬಂದಿತ್ತು. ತುಟಿ ಬಿಗಿಹಿಡಿದೆ. ಇಷ್ಟು ವಯಸ್ಸಾದವಳು ಅಂಕೋಲೆಯ ಅರ್ಧ ಪೇಟೆಯ ಎದುರು ಎರಡೂ ಕೈಯಿಂದ ತಟ್ಟೆ ಎತ್ತಿ ಚಾಚಿದೆ.