ಬದಲಿ ಗಾಯಾಳು

ಈ ಆಸ್ಪತ್ರೆಯಲ್ಲಿ ಯಾವ ನೌಕರರಿಗೂ ಸೂಜಿ ಚುಚ್ಚುವುದಿಲ್ಲ. ಇದು ಯಾರದೋ ಅಭಿಪ್ರಾಯವಲ್ಲ, ಮುಂಬಾಗಿಲಿನ ಪಕ್ಕ ಅಮೃತಶಿಲೆಯ ಮೇಲೆ ಕೆತ್ತಿಸಿರುವ ಸಂಗತಿ. ಕೆತ್ತಿಸಿದ್ದನ್ನು ಸುಳ್ಳು ಮಾಡುವುದು ಸುಲಭವಲ್ಲ. ಉಜ್ಜಿ ಅಳಿಸಬೇಕೆಂದರೆ ಟೆಂಡರ್ ಕರೆಯಬೇಕಾಗುತ್ತದೆ.

ಸಾಧನೆಯ ಮೂಲ ಒಂದು ಡಬ್ಬಿ. ಬಳಸಿದ ಸೂಜಿಗಳನ್ನು ಹಾಕಲೆಂದು ಪ್ರತಿ ವಾರ್ಡಿಗೂ ಗಟ್ಟಿಯಾದ ಬಿಳಿ ಡಬ್ಬಿ ಬಂದಿತ್ತು. ಅದೇ ದಿನ ತಪಾಸಣೆಗೆ ಬಂದವರು ಹೆಂಗಸರ ವಾರ್ಡಿನ ಡಬ್ಬಿಯನ್ನು ಎತ್ತಿ ನೋಡಿ, "ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ!" ಎಂದು ಹೊಗಳಿಬಿಟ್ಟರು. ಅದು ಬೆಳಿಗ್ಗೆಯಷ್ಟೇ ಬಂದದ್ದೆಂದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಆ ಹೊಗಳಿಕೆಯನ್ನು ಉಳಿಸಿಕೊಳ್ಳಲು ಸೂಪರಿಂಟೆಂಡೆಂಟರು ಎಲ್ಲ ಡಬ್ಬಿಗಳನ್ನೂ ಗಾಜಿನ ಬೀರುವಿನಲ್ಲಿಡಿಸಿ ಬೀಗ ಹಾಕಿಸಿ, ಮುಂಬಾಗಿಲಿಗೆ ಆ ಕಲ್ಲನ್ನೂ ನೆಡಿಸಿದರು. ಅಂದಿನಿಂದ ನರ್ಸುಗಳು ಬಳಸಿದ ಸೂಜಿಗೆ ಎರಡೂ ಕೈಯಿಂದ ಮತ್ತೆ ಮುಚ್ಚಳ ಸಿಕ್ಕಿಸಿ, ಟ್ರೇಯಲ್ಲಿಟ್ಟುಕೊಂಡು, ಕಟ್ಟಡದ ಹಿಂದಿನ ಗುಂಡಿಯವರೆಗೆ ನಡೆಯತೊಡಗಿದರು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು.

ಹೆಂಗಸರ ವಾರ್ಡಿನ ಸಿಸ್ಟರ್ ಹೀಗೆ ಮುಚ್ಚಳ ಸಿಕ್ಕಿಸುತ್ತಿದ್ದಾಗ ಪಕ್ಕದ ಹಾಸಿಗೆಯ ಅಜ್ಜಿ, "ಸಿಸ್ಟರೇ, ನನ್ನ ಬಾಟಲಿ ಮುಗೀತು" ಎಂದು ಕೂಗಿದಳು. ಸಿಸ್ಟರ್ ತಿರುಗಿದಳು. ಸೂಜಿ ಕೈಗವಸನ್ನು ದಾಟಿ ಅವಳ ತೋರುಬೆರಳಿಗೆ ನೆಟ್ಟಿತು. ಆಗಷ್ಟೇ ಆ ಸೂಜಿಯಿಂದ ರಕ್ತ ತೆಗೆಸಿಕೊಂಡಿದ್ದ ರೋಗಿಗೆ ಎಚ್‌ಐವಿ ಇತ್ತು. ನಲ್ಲಿಯ ಕೆಳಗೆ ಕೈ ಹಿಡಿದು ಸೋಪು ಹಾಕಿ ತೊಳೆಯುವಾಗ ಅವಳಿಗೆ ಮೊದಲು ನೆನಪಾದದ್ದು ಇನ್ನೂ ಎದೆಹಾಲು ಬಿಡದ ಮಗಳು. ಸೋಂಕು ತಡೆಯುವ ಮಾತ್ರೆಗಳಿವೆ, ಆದರೆ ಕೂಡಲೇ ಶುರು ಮಾಡಬೇಕು, ತಡವಾದಷ್ಟೂ ನೆಚ್ಚಿಕೊಳ್ಳುವಂತಿಲ್ಲ. ಅವಳು ನೇರವಾಗಿ ಸೂಪರಿಂಟೆಂಡೆಂಟರ ಕೋಣೆಗೆ ಓಡಿದಳು.

ಸೂಪರಿಂಟೆಂಡೆಂಟರು ಸಜ್ಜನರು. ಅವಳನ್ನು ಕೂರಿಸಿ ನೀರು ತರಿಸಿದರು.

"ಚುಚ್ಚಿತು ಅಂತ ದುಡುಕಿ ಹೇಳಬೇಡಮ್ಮಾ. ನಿಧಾನವಾಗಿ ಯೋಚನೆ ಮಾಡು. ಸೂಜಿ ತಾನಾಗಿ ಎದ್ದು ಬಂತಾ?"

"ಇಲ್ಲ ಸಾರ್."

"ಅಂದ್ರೆ ಬೆರಳು ಹೋಗಿ ಸೂಜಿಗೆ ತಾಗಿದೆ."

"ಹೇಗಾದ್ರೂ ಬರ್ಕೊಳ್ಳಿ ಸಾರ್. ನನಗೆ ಮಾತ್ರೆ ಕೊಡ್ಸಿ. ಮನೇಲಿ ಹಾಲು ಕುಡಿಯೋ ಮಗು ಇದೆ."

"ಮಾತ್ರೆ ಇರೋದು ಗಾಯ ಆದವರಿಗೆ. ನೀನು ಇಲ್ಲಿ ಕೆಲಸದಲ್ಲಿರೋಳು. ಇಲ್ಲಿ ಕೆಲಸದಲ್ಲಿರೋರಿಗೆ ಗಾಯ ಆಗಲ್ಲ. ನಾಳೆ ಮತ್ತೆ ತಪಾಸಣೆ ಬೇರೆ, ಬರ್ತಾನೇ ಕಲ್ಲು ಓದ್ತಾರೆ."

ಫಾರ್ಮಸಿಸ್ಟನನ್ನು ಕರೆಸಲಾಯಿತು. ಮಾತ್ರೆಯೇನೋ ಇತ್ತು. ಆದರೆ ನೌಕರರ ಪಾಲನ್ನು ಇನ್ನು ಬೇಕಾಗಲಾರದೆಂದು ಕಲ್ಲು ನೆಟ್ಟ ದಿನವೇ ವಾಪಸು ಕಳಿಸಲಾಗಿತ್ತು. ಉಳಿದದ್ದು ಹೊರಗಿನವರ ಪಾಲು.

"ಹಾಗಾದ್ರೆ ಇವತ್ತು ರಜೆ ಕೊಡಿ ಸಾರ್," ಎಂದಳು ಸಿಸ್ಟರ್. "ಗೇಟಿನಾಚೆ ಹೋಗಿ ಹೊರಗಿನವಳಾಗಿ ಬರ್ತೀನಿ."

ಸಲಹೆ ಸೂಪರಿಂಟೆಂಡೆಂಟರಿಗೆ ಮೆಚ್ಚಿಗೆಯಾಯಿತು. ಆದರೆ ತಪಾಸಣೆ ಮುಗಿಯುವವರೆಗೆ ಯಾರಿಗೂ ರಜೆ ಇಲ್ಲವೆಂದು ಸುತ್ತೋಲೆ ಹೊರಡಿಸಿದವರೂ ಅವರೇ. ತಮ್ಮ ಸಹಿಯನ್ನು ತಾವೇ ಮೀರುವಷ್ಟು ಉದ್ಧಟತನ ಅವರಲ್ಲಿರಲಿಲ್ಲ.

ಅಷ್ಟರಲ್ಲಿ ಸಿಸ್ಟರ್ ಫೋನ್ ಮಾಡಿ ಅತ್ತದ್ದಕ್ಕೆ ಅವಳ ಗಂಡ ಅಂಗಡಿಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಸೂಪರಿಂಟೆಂಡೆಂಟರ ಮುಖ ಅರಳಿತು.

"ನಿಮ್ಮದು ಟೈಲರಿಂಗಾ?"

"ಹೌದು ಸಾರ್. ಇವಳಿಗೆ..."

"ಸೂಜಿ ಹಿಡೀತೀರಲ್ಲ, ಚುಚ್ಚುತ್ತಾ?"

"ದಿನಾ ಚುಚ್ಚುತ್ತೆ ಸಾರ್. ಅದಕ್ಕೇನೀಗ?"

ಸೂಪರಿಂಟೆಂಡೆಂಟರು ಎದ್ದು ಬಂದು ಅವನ ಕೈಕುಲುಕಿದರು. ಡ್ಯೂಟಿ ಡಾಕ್ಟರನ್ನು ಕರೆಸಿ ಬೆರಳುಗಳನ್ನು ಪರೀಕ್ಷಿಸಲಾಯಿತು. ಗುರುತುಗಳು ಬೇಕಾದಷ್ಟಿದ್ದವು.

"ಇವುಗಳಲ್ಲಿ ಇವತ್ತಿನದು ಯಾವುದು?" ಡಾಕ್ಟರು ಕೇಳಿದರು.

"ನಿಮಗೆ ಯಾವುದು ಅನುಕೂಲವೋ ಅದು. ಮೊದಲು ಮಾತ್ರೆ ಕೊಡಿ ಸ್ವಾಮಿ!"

ಬಟನ್ ಹೊಲಿಯುವಾಗ ಆದ ಅಪಾಯಕಾರಿ ಗಾಯವೆಂದು ತೀರ್ಮಾನವಾಯಿತು. ಮೊದಲ ಮಾತ್ರೆಯನ್ನು ಗಾಯಾಳು ಎಲ್ಲರೆದುರು ನುಂಗಬೇಕೆಂಬುದು ನಿಯಮ. ಫಾರ್ಮಸಿಸ್ಟ್ ಮಾತ್ರೆಯನ್ನು ಗಂಡನ ಕೈಗಿಟ್ಟ. ಸೂಪರಿಂಟೆಂಡೆಂಟರು ಕೆಮ್ಮಿ, ಹೊರಗೆ ಮೋಡ ಕವಿಯುತ್ತಿದೆಯಲ್ಲ ಎಂದರು. ಎಲ್ಲರೂ ಕಿಟಕಿಯ ಕಡೆ ತಿರುಗಿ ಮೋಡವೇ ಇಲ್ಲದ ಆಕಾಶವನ್ನು ಶ್ರದ್ಧೆಯಿಂದ ನೋಡಿದರು. ಸಿಸ್ಟರ್ ನುಂಗಿದಳು. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ತಪಾಸಣೆ ಸುಸೂತ್ರವಾಗಿ ಮುಗಿಯಿತು. ಸಿಸ್ಟರ್‌ಗೆ ಮಾತ್ರೆಯಿಂದ ವಾಂತಿಯಾಗುತ್ತಿತ್ತು. ಸೂಪರಿಂಟೆಂಡೆಂಟರು ಎದುರಾದಾಗಲೆಲ್ಲ ತುಂಬ ಕಾಳಜಿಯಿಂದ, "ಯಜಮಾನರಿಗೆ ವಾಂತಿ ನಿಂತಿತಾ?" ಎಂದು ವಿಚಾರಿಸುತ್ತಿದ್ದರು. ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಪರವಾಗಿಲ್ಲ ಸಾರ್, ಬೆಳಿಗ್ಗೆ ಹೊತ್ತು ಸ್ವಲ್ಪ ಆಗುತ್ತೆ" ಎನ್ನುತ್ತಿದ್ದಳು. ಮಗಳಿಗೆ ಹಾಲು ಬಿಡಿಸಿದ್ದಳು. ಮನೆಯಲ್ಲಿ ಮಗು ತನ್ನ ಅಜ್ಜಿಯ ತೊಡೆಯ ಮೇಲೆ ಮಲಗಿ ಇವಳತ್ತ ಕೈಚಾಚಿ ಅತ್ತಾಗ ಇವಳೂ ಬಚ್ಚಲಿಗೆ ಹೋಗಿ ಅಳುತ್ತಿದ್ದಳು. ಇದಕ್ಕೆ ಸಂಬಂಧಪಟ್ಟ ಯಾವ ನಿಯಮವೂ ಇಲ್ಲ.

ರಕ್ತಪರೀಕ್ಷೆಯ ದಿನ ಗಂಡ ಹೆಂಡತಿ ಇಬ್ಬರೂ ಲ್ಯಾಬಿಗೆ ಹೋದರು. ಸಿಸ್ಟರ್ ಉಡುಪಿನ ತೋಳನ್ನು ಮೇಲಕ್ಕೆ ಮಡಚಿ ಕೈ ಚಾಚಿದಳು.

"ನಿಮ್ಮದ್ಯಾಕೆ ಸಿಸ್ಟರ್?" ಎಂದ ಟೆಕ್ನೀಷಿಯನ್. "ಗಾಯ ಆಗಿರೋದು ಇವರಿಗಲ್ವಾ?"

ಗಂಡನ ರಕ್ತ ಶುದ್ಧವಾಗಿತ್ತು. ಸೂಪರಿಂಟೆಂಡೆಂಟರು ಸಿಬ್ಬಂದಿಯ ಸಭೆ ಕರೆದು ಈ ಸಿಹಿಸುದ್ದಿ ತಿಳಿಸಿದರು. ಚಪ್ಪಾಳೆಯಾಯಿತು. ಸಿಸ್ಟರ್ ಮೆಲ್ಲಗೆ ಎದ್ದು, "ಸಾರ್, ನನ್ನ ರಕ್ತ?" ಎಂದಳು.

"ಗಂಡ ಹೆಂಡತಿ ಅಂದ್ಮೇಲೆ ನಿಂದು ಬೇರೆ, ಅವರದು ಬೇರೆ ಅಂತ ಇರುತ್ತೇನಮ್ಮಾ?" ಎಂದರು ಅವರು ಪ್ರೀತಿಯಿಂದ. ಮತ್ತೆ ಚಪ್ಪಾಳೆಯಾಯಿತು. ಹೊರಗಿನ ಲ್ಯಾಬಿಗೆ ಹೋಗುವ ನೌಕರರು ಸಂಸ್ಥೆಯ ಮೇಲೆ ಅಪನಂಬಿಕೆ ಇರುವವರೆಂದು ಭಾವಿಸಲಾಗುವುದು ಎಂಬ ಮಾತು ಸೇವಾ ಷರತ್ತಿನಲ್ಲೇ ಇತ್ತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಿಸ್ಟರ್ ಕುಳಿತುಕೊಂಡಳು.

ಅದೇ ವಾರ ಸುತ್ತೋಲೆ ಹೊರಬಿತ್ತು: "ಪ್ರತಿಯೊಬ್ಬ ನೌಕರರೂ ತಮ್ಮ ಕುಟುಂಬದಿಂದ ಒಬ್ಬ ಬದಲಿ ಗಾಯಾಳುವನ್ನು ನೇಮಿಸತಕ್ಕದ್ದು. ಸದರಿ ಗಾಯಾಳು ಆಸ್ಪತ್ರೆಯಿಂದ ಕೂಗಳತೆಯಲ್ಲಿ ವಾಸಿಸುತ್ತಿರಬೇಕು. ಹೊಲಿಗೆ ಬಲ್ಲವರಿಗೆ ಆದ್ಯತೆ." ಯಾರೂ ತಕರಾರು ಮಾಡಲಿಲ್ಲ. ಆಯಾ ತನ್ನ ನಾದಿನಿಯನ್ನು ಖುಷಿಯಿಂದಲೇ ನೇಮಿಸಿದಳಂತೆ. ಕೆಲಸಕ್ಕೆ ಅರ್ಜಿ ಹಾಕುವವರನ್ನು ಈಗ ಮೊದಲು ಕೇಳುವುದು ವಿದ್ಯಾಭ್ಯಾಸವನ್ನಲ್ಲ, ಮನೆಯಲ್ಲಿ ಬಿಡುವಾಗಿರುವವರು ಯಾರೆಂದು.

ಮೊನ್ನೆ ಹೊಸದಾಗಿ ಸೇರಿದ ನರ್ಸೊಬ್ಬಳು ಟ್ರೇ ಕೈಬಿಟ್ಟು ಚೀರಿದಳು. ಸಿಸ್ಟರ್ ಓಡಿಹೋಗಿ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು, ಸೋಪು ಹಚ್ಚಿದಳು, ತಲೆ ನೇವರಿಸಿದಳು.

"ನಿನ್ನ ಬದಲಿ ಯಾರೇ?"

"ತಮ್ಮ, ಅಕ್ಕಾ. ಕಾಲೇಜಿಗೆ ಹೋಗಿದ್ದಾನೆ," ಎಂದು ಹುಡುಗಿ ಬಿಕ್ಕಿದಳು.

"ಅಳಬೇಡ. ಮೊದಲು ಅವನಿಗೆ ಫೋನ್ ಮಾಡು," ಎಂದಳು ಸಿಸ್ಟರ್. "ಅವನಿಗೆ ಸೂಜಿ ಚುಚ್ಚಿದೆ, ಬೇಗ ಬರಬೇಕಂತೆ ಅನ್ನು."