ದೀಪಕ್ಕೆ ಅರಿಶಿನ ಬಳಿದ ಅತ್ತೆ

ನಮ್ಮ ಸೋದರತ್ತೆಗೆ ಈ ಲೋಕದಲ್ಲಿ ಒಬ್ಬನ ಮೇಲೆ ಮಾತ್ರ ನಂಬಿಕೆ ಇರಲಿಲ್ಲ. ಅವನು ಸೂರ್ಯ! ಕಳ್ಳನನ್ನು ನಂಬಿಯಾಳು, ಗಡಹಿಂಗ್ಲಜ ಪೇಟೆಯ ತಕ್ಕಡಿಯನ್ನೂ ನಂಬಿಯಾಳು. ಸೂರ್ಯ ಮಾತ್ರ ಹೇಳದೆ ಕೇಳದೆ ಮುಳುಗಿಬಿಡುವ ಆಸಾಮಿ ಎಂದೇ ಅವಳ ತಿಳಿವಳಿಕೆ. ನಾವು ಜೈನರು, ದೀಪ ಹಚ್ಚಿದ ಮೇಲೆ ಉಣ್ಣುವುದಿಲ್ಲ. ಉಳಿದವರು ಹೊತ್ತು ಮುಳುಗುವ ಮುಂಚೆ ಉಂಡರೆ, ನಮ್ಮ ಅತ್ತೆ ಹೊತ್ತು ಇಳಿಯುವ ಮುಂಚೆಯೇ ಉಣಿಸುತ್ತಿದ್ದಳು.

ಆಷಾಢದ ಮೋಡವಿದ್ದರಂತೂ ಮುಗಿಯಿತು. ಇಚಲಕರಂಜಿಯಿಂದ ಬಂದ ಬೀಗರೊಬ್ಬರು ಮಧ್ಯಾಹ್ನ ಉಂಡು ಕೈ ತೊಳೆದು ಬರುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ತಾಟು ಕಾದಿತ್ತು.

"ಈಗ ಉಂಡೇನಲ್ರೀ ಅಕ್ಕಾರ," ಎಂದರು ಪಾಪ.

"ಅದು ಮಧ್ಯಾಹ್ನದ್ದು. ಇದು ಸಂಜೀದು. ಮಾಡ ಹೆಂಗ ಕಟ್ಟೇತಿ ನೋಡ್ರಿ."

ಬೀಗರು ಉಂಡರು. ಆಮೇಲೆ ಅವರು ನಮ್ಮ ಮನೆಗೆ ಬೇಸಿಗೆಯಲ್ಲಷ್ಟೇ ಬರತೊಡಗಿದರು.

ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಆಡುವ ನಮ್ಮನ್ನು ರೊಟ್ಟಿ ಪಲ್ಯ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ನಮ್ಮವರು, ಪರರು ಎಂಬ ಭೇದವಿಲ್ಲ. ಸಿಕ್ಕ ಬಾಯಿಗೆ ತುತ್ತು. ಒಮ್ಮೆ ಊರಿಗೆ ಹೊಸದಾಗಿ ಬಂದ ಮಾಮಲೇದಾರರ ಮಗನನ್ನೂ ಹಿಡಿದು ಉಣಿಸಿಬಿಟ್ಟಳು. ಮರುದಿನ ಅವನು ತಾನಾಗಿಯೇ ಬಂದು ನಮ್ಮ ಸಾಲಿನಲ್ಲಿ ಕುಳಿತ.

ನಾವು ನಗುತ್ತಿದ್ದೆವು. ಆದರೆ ಮನೆಯಲ್ಲಿ ಎಲ್ಲರಿಗೂ ಒಂದು ಸಂಗತಿ ಗೊತ್ತಿತ್ತು. ಕುರುಂದವಾಡದ ಗಂಡನ ಮನೆಯಲ್ಲಿ ಅವಳ ಮೂರು ವರ್ಷದ ಮಗಳು ಜ್ವರದಿಂದ ಹೋಗಿದ್ದಳು. ಹಿಂದೆಯೇ ಗಂಡನೂ ಹೋದ. ಅತ್ತೆ ನಮ್ಮ ಮನೆ ಸೇರಿದಳು. ಆ ಮಗಳ ಮಾತನ್ನು ಅವಳು ಎಂದೂ ಎತ್ತಿದವಳಲ್ಲ.

ಎರಡನೇ ಮಹಾಯುದ್ಧ ಶುರುವಾದ ಹೊಸತು. ಬೆಲ್ಲದ ವ್ಯಾಪಾರಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದ ಅಪ್ಪ, ಊರು ಬಿಟ್ಟು ಹೊರಟಿದ್ದ ಸಾಹೇಬನೊಬ್ಬನ ಸಾಮಾನಿನ ಲಿಲಾವಿನಲ್ಲಿ ಗಾಜು ಹಾಕಿದ ದೊಡ್ಡ ಚಿತ್ರವೊಂದನ್ನು ಕೊಂಡು ಮೋಟಾರಿನ ಮೇಲೆ ಹೇರಿಕೊಂಡು ಬಂದ. ಹಿಂದಿನ ಶತಮಾನದ ವಿಲಾಯತಿ ಚಿತ್ರಗಾರನೊಬ್ಬ ಅನಾಥಾಲಯದ ಮಕ್ಕಳನ್ನು ಇದ್ದದ್ದು ಇದ್ದಂತೆ ಬರೆದದ್ದಂತೆ, ಅದರ ನಕಲು. ಉದ್ದನೆಯ ಮೇಜು, ತೇಪೆಯ ಅಂಗಿ ತೊಟ್ಟ ಮಕ್ಕಳು, ಖಾಲಿ ಬಟ್ಟಲುಗಳು, ಮೇಲೆ ಉರಿಯುವ ತೂಗುದೀಪ. ಕೊನೆಯಲ್ಲಿ ಕುಳಿತ ಪುಟ್ಟ ಹುಡುಗಿ ಮಾತ್ರ ನಮ್ಮನ್ನೇ ನೋಡುತ್ತಿದ್ದಳು.

ಅತ್ತೆ ಬಂದಳು, ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು.

"ದೀಪಾ ಹಚ್ಯಾರ, ಇನ್ನೂ ಕೂಸುಗೋಳಿಗೆ ಉಣ್ಣಾಕ ನೀಡಿಲ್ಲ. ಇನ್ನ ಬೆಳತನಕಾ ಉಪಾಸನ?"

"ಅಕ್ಕಾ, ಅದು ಚಿತ್ರ," ಎಂದ ಅಪ್ಪ.

"ಚಿತ್ರಾದ್ರ ಏನಾತು ತಮ್ಮಾ? ಹಸಿವು ಖರೇ ಕಾಣ್ತೈತಲ್ಲ."

ಮರುದಿನ ನೋಡಿದರೆ ಗಾಜಿನ ಮೇಲೆ, ಸರಿಯಾಗಿ ದೀಪ ಇದ್ದಲ್ಲಿ, ದುಂಡಗೆ ಅರಿಶಿನ ಮೆತ್ತಿತ್ತು. ದೀಪ ಹೋಗಿ ಸೂರ್ಯ ಬಂದಿದ್ದ! ಜನ್ಮದಲ್ಲಿ ನಂಬದ ಸೂರ್ಯನನ್ನು ಅತ್ತೆ ತಾನೇ ಕೈಯಾರೆ ಮಾಡಿ ಕೂರಿಸಿದ್ದಳು, ಇವನಾದರೋ ಮುಳುಗುವಂತಿರಲಿಲ್ಲ. ಅಪ್ಪ ಒರೆಸುವುದು, ಅವಳು ಮತ್ತೆ ಬಳಿಯುವುದು, ಹೀಗೆ ತಿಂಗಳು ಕಳೆಯಿತು.

ಕೊನೆಗೊಂದು ದಿನ ನಮ್ಮಲ್ಲಿ ಊಟಕ್ಕೆ ಬಂದಿದ್ದ ಬಸ್ತಿಯ ಪಂಡಿತರ ಮುಂದೆ ಅಪ್ಪ ಫಿರ್ಯಾದು ಒಯ್ದ. ಪಂಡಿತರು ಚಿತ್ರ ನೋಡಿ ನಕ್ಕರು.

"ಅವ್ವಾರ, ದೀಪಾ ಯಾಕ ಮುಚ್ಚಿದ್ರಿ? ಎಂಟು ವರ್ಷ ತುಂಬೂತನಕಾ ಕೂಸಿಗೆ ಈ ನೇಮ ಇಲ್ಲರಿ. ದೀಪದ ಮುಂದ ಉಂಡ್ರೂ ನಡೀತೈತಿ."

ಎಲ್ಲರೂ ನಕ್ಕೆವು. ಅತ್ತೆ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಖರೇನ್ರೀ?"

"ಖರೇರಿ. ಮೊದಲಿಂದ ಹಿಂಗ ಐತಿ."

"ಜ್ವರಾ ಬಂದ ಕೂಸಿಗೆ?"

"ಅದಕ್ಕಂತೂ ಇಲ್ಲೇ ಇಲ್ಲ."

ಅವಳು ಸಾರಿನ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದಳು.

ಪಂಡಿತರು ಹೋದರು, ಹೊತ್ತು ಮುಳುಗಿತು. ಅವ್ವ ಪಡಸಾಲೆಯಲ್ಲಿ ಕಂದೀಲು ಹಚ್ಚಿದಳು. ಆಗ ಅತ್ತೆ ಒಂದು ವಾಟಿ ಬಿಸಿ ಹಾಲು ಹಿಡಿದು ಬಂದಳು. ಚಿತ್ರದ ಮುಂದೆ ನಿಂತು ಸೆರಗಿನಿಂದ ಅರಿಶಿನ ಒರೆಸಿದಳು. ದೀಪ ಮತ್ತೆ ಕಾಣಿಸಿತು. ಕೊನೆಯ ಹುಡುಗಿ ಅವಳನ್ನೇ ನೋಡುತ್ತಿದ್ದಳು.

"ಅವತ್ತ ನನ್ನ ಕೂಸು ಹಾಲು ಕೇಳಿತ್ತು," ಎಂದಳು. "ಅತ್ತೀಗೆ ಅಂಜಿದೆ. ದೀಪಾ ಹಚ್ಚೇತಿ, ಮುಂಜಾನೆ ಕುಡೀವಂತಿ, ಮಲಗು ಅಂದೆ. ಮಲಗಿತು. ಮುಂಜಾನೆ ಏಳಲಿಲ್ಲ." ಅಲ್ಲೇ ಕುಳಿತಿದ್ದ ಅಪ್ಪನ ಕಡೆ ತಿರುಗಿದಳು: "ಕೂಸಿಗೆ ನೇಮ ಇಲ್ಲಂತ ನನಗ ಯಾರೂ ಹೇಳಲಿಲ್ಲ ತಮ್ಮಾ."

ಅಪ್ಪ ತಲೆ ಎತ್ತಲಿಲ್ಲ. ಅವಳು ಅತ್ತಿತ್ತ ನೋಡಿದಳು, ಬಾಗಿಲ ಬಳಿ ನಿಂತಿದ್ದ ನನ್ನನ್ನು ಕರೆದಳು.

"ಬಾ, ಕುಡಿ. ಆರತೈತಿ."

ನನಗೆ ಆಗ ಹತ್ತು ತುಂಬಿತ್ತು. ಅದು ಅವಳಿಗೂ ಗೊತ್ತಿತ್ತು. ಅವ್ವ ಏನೋ ಹೇಳಹೊರಟಳು, ಅಪ್ಪ ಕಣ್ಣಿನಲ್ಲೇ ತಡೆದ. ನಾನು ಕಂದೀಲಿನ ಬೆಳಕಿನಲ್ಲಿ ಕುಳಿತು ಹಾಲು ಕುಡಿದೆ. ವಾಟಿ ಬರಿದಾಗುವವರೆಗೂ ಅತ್ತೆ ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದಳು.