ಬೀಗಿತ್ತಿ ‘ಚಾಲು’ ಅಂದರೂ ನಿಲ್ಲದ ಕೈ

ನನ್ನ ತಂಗಿ ಮಂಜುಳ ನನಗೆ ವಹಿಸಿದ್ದು ಒಂದೇ ಕೆಲಸ. ಅವಳ ಅತ್ತೆ ‘ಚಾಲು’ ಎಂದ ಕೂಡಲೇ ನಾನು ಒಬ್ಬಟ್ಟು ಬಡಿಸುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಅತ್ತೆಯವರು ಹಿಂದೂಪುರದ ಕಡೆಯ ತೆಲುಗಿನವರು. ಸಕ್ಕರೆ ಕಾಯಿಲೆ ಬೇರೆ. ‘ಅವರ ಊಟ ನನ್ನ ಜವಾಬ್ದಾರಿ’ ಎಂದು ಗಂಡನಿಗೆ ಮಾತು ಕೊಟ್ಟು, ಮಂಜುಳ ಅವರನ್ನು ಮೊದಲ ಸಲ ಗೌರಿಬಿದನೂರಿನ ನಮ್ಮ ಮನೆಗೆ ಕರೆತಂದಿದ್ದಳು.

“ಒಂದೇ ಒಬ್ಬಟ್ಟು ಕಣಣ್ಣ. ಅವ್ರ ಭಾಷೇಲಿ ಚಾಲು ಅಂದ್ರೆ ಸಾಕು ಅಂತ. ನಾವು ಮೋಟ್ರು ಚಾಲು ಮಾಡ್ತೀವಲ್ಲ, ಆ ಚಾಲು ಅಲ್ಲ!”

“ನಂಗೇ ತೆಲುಗು ಹೇಳ್ಕೊಡ್ತೀಯಾ? ಹೋಗಮ್ಮ!”

ಸಂತೆಯಲ್ಲಿ ಟೊಮೇಟೊ ಮಾರುವವನು ನಾನು. ಅರ್ಧ ಗಿರಾಕಿಗಳ ಜೊತೆ ಜಗಳವಾಡುವುದೇ ತೆಲುಗಿನಲ್ಲಿ!

ಊಟಕ್ಕೆ ಎಲೆ ಹಾಕಿದೆವು. ಮೊದಲ ಒಬ್ಬಟ್ಟು ಮುಗಿಯಿತು. “ಚಾಲು ನಾಯನಾ” ಎಂದರು ಅತ್ತೆ.

ಆದರೆ ನಮ್ಮಲ್ಲಿ ಬೀಗರು ಸಾಕು ಎಂದ ಮೇಲೆಯೇ ಬಡಿಸುವವನ ಕೆಲಸ ಶುರು. ಮೊದಲ ಸಾಕಿಗೇ ಕೈ ಹಿಂತೆಗೆದವನನ್ನು ಸಾಯುವವರೆಗೂ ಜಿಪುಣ ಎಂದು ಆಡಿಕೊಳ್ಳುತ್ತಾರೆ. ಇನ್ನೊಂದು ಹಾಕಿದೆ. “ಚಾಲು, ಚಾಲು!” ಎಂದರು. ತುಪ್ಪ ಸುರಿದೆ. ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರು. ಕೈಯ ಕೆಳಗೇ ಮತ್ತೊಂದು ತೂರಿಸಿದೆ! ಎಲೆಯಲ್ಲಿ ಬಿಟ್ಟು ಏಳುವವರಲ್ಲ, ಪಾಪ, ಅಷ್ಟನ್ನೂ ತಿಂದರು. ಮಂಜುಳ ಒಳಗಿಂದ ಮಜ್ಜಿಗೆ ತರುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಒಬ್ಬಟ್ಟಿನ ತಟ್ಟೆ ಖಾಲಿ.

ಸಂಜೆಗೆ ಅತ್ತೆಗೆ ತಲೆ ಸುತ್ತು. ಆಟೋ, ಆಸ್ಪತ್ರೆ, ಇಂಜೆಕ್ಷನ್. ಗಾಬರಿಪಡುವಂಥದ್ದೇನಿಲ್ಲ ಎಂದರು ಡಾಕ್ಟರು. ಮಂಜುಳಳ ಗಂಡ ಮಾತ್ರ ಫೋನಿನಲ್ಲಿ ಕೂಗಾಡುತ್ತಿದ್ದ. ಇನ್ನು ಮೇಲೆ ಅವಳ ಜೊತೆ ಅಮ್ಮನನ್ನು ಎಲ್ಲಿಗೂ ಕಳಿಸುವುದಿಲ್ಲವಂತೆ.

ನಾನು ಗಂಭೀರವಾಗಿ ಹೇಳಿಕೆ ನೀಡಿದೆ: “ಇದು ಭಾಷೆಯ ಸಮಸ್ಯೆ. ಚಾಲು ಅಂದ್ರೆ ಶುರು ಮಾಡು ಅನ್ಕೊಂಡೆ.”

“ಸಂತೇಲಿ ತೆಲುಗಲ್ಲಿ ಬೈಯೋವಾಗ ಇಲ್ದಿರೋ ಸಮಸ್ಯೆ!” ಎಂದಳು ನನ್ನ ಹೆಂಡತಿ.

ಮಂಜುಳ ಫೋನನ್ನು ಕಿವಿಗೆ ಒತ್ತಿಕೊಂಡು ಬೈಗುಳ ಕೇಳುತ್ತಲೇ ಇದ್ದಳು. ಅತ್ತೆಯೇ ಕಣ್ಣು ಬಿಟ್ಟು, ಚೊಕ್ಕ ಕನ್ನಡದಲ್ಲಿ ಕೇಳಿದರು:

“ಸಾಕು ಅಂದಿದ್ರೆ ನಿಲ್ಲಿಸ್ತಿದ್ಯೇನಪ್ಪಾ?”

ತಂಗಿಯ ಕೈಯಿಂದ ಫೋನು ತೆಗೆದುಕೊಂಡೆ.

“ತಪ್ಪಾಯ್ತು ಭಾವ. ನಿಮ್ಮಮ್ಮ ಬೇಡ ಅಂದ್ರು, ಇವಳೂ ಮೊದ್ಲೇ ಹೇಳಿದ್ಲು. ನಂಗೆಲ್ಲಾ ಅರ್ಥ ಆಗಿತ್ತು. ಜಿಪುಣ ಅನ್ನಿಸ್ಕೋಬಾರ್ದು ಅಂತ ಹಾಕ್ಬಿಟ್ಟೆ. ಬೈಯೋದಿದ್ರೆ ನಂಗೆ ಬೈರಿ. ನಾನು ಚಾಲು ಅನ್ನಲ್ಲ.”